50 ಮೈಕ್ರೋಗ್ರಾಂ ಆಂಟಿಟ್ರಿಪ್ಸಿನ್: ಟ್ಯೂಬಿನೊಳಗೆ ಏನಿರುತ್ತದೆ?

(ಎಂಎಸ್ಸಿ ವಿದ್ಯಾರ್ಥಿಗಳ ಎದುರು ಕನ್ನಡದಲ್ಲಿ ಆಡಿದ ಮಾತಿನ ಬರಹ ರೂಪ. ಸ್ಲೈಡುಗಳ ಚಿತ್ರ ಬಿಟ್ಟಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಲ್ಯಾಬಿನ ಫ್ರೀಜರ್ ತೆಗೆದರೆ ಸಣ್ಣ ಸಣ್ಣ ಟ್ಯೂಬುಗಳ ಡಬ್ಬಿಯೊಂದು ಇರುತ್ತದೆ. ತಳದಲ್ಲಿ ಬಿಳಿ ಪುಡಿ, ಕೆಲವು ಸಲ ಕಣ್ಣಿಗೂ ಕಾಣದಷ್ಟು. ಮೇಲೆ ಚೀಟಿ: ರೀಕಾಂಬಿನೆಂಟ್ ಹ್ಯೂಮನ್ ಸರ್ಪಿನ್ ಎ1, 50 ಮೈಕ್ರೋಗ್ರಾಂ, ಶುದ್ಧತೆ 95 ಪರ್ಸೆಂಟಿಗಿಂತ ಜಾಸ್ತಿ, ಸಂಶೋಧನೆಗೆ ಮಾತ್ರ. ರೀಕಾಂಬಿನೆಂಟ್ ಅಂದರೆ ಮನುಷ್ಯನ ಜೀನನ್ನು ಲ್ಯಾಬಿನಲ್ಲಿ ಬೆಳೆಸುವ ಜೀವಕೋಶಕ್ಕೆ ಹಾಕಿ ತಯಾರಿಸಿದ ಪ್ರೋಟೀನು. ಇವತ್ತು ಆ ಒಂದು ಟ್ಯೂಬಿನ ಬಗ್ಗೆ ಮಾತಾಡೋಣ. ಚೀಟಿಯಲ್ಲಿ ತೂಕ ಇದೆ, ಶುದ್ಧತೆ ಇದೆ. ಆದರೆ ಒಳಗಿರುವ ಅಣುಗಳಲ್ಲಿ ಎಷ್ಟು ಇನ್ನೂ ಕೆಲಸಕ್ಕೆ ಬರುತ್ತವೆ ಅನ್ನುವುದನ್ನು ಆ ಎರಡು ಸಂಖ್ಯೆ ನೋಡಿ ಹೇಳಲಾಗದು. ಬೇರೆ ಪ್ರೋಟೀನುಗಳಲ್ಲಿ ಇದು ಅಷ್ಟು ದೊಡ್ಡ ವಿಷಯ ಅಲ್ಲದಿರಬಹುದು. ಈ ಪ್ರೋಟೀನಿನಲ್ಲಿ ಅದೇ ಎಲ್ಲ.

ಸರ್ಪಿನ್ ಎ1 ಎಂದರೆ ನಮ್ಮ ಹಳೆಯ ಆಲ್ಫಾ-1 ಆಂಟಿಟ್ರಿಪ್ಸಿನ್. ಲ್ಯಾಬಿನಲ್ಲಿ ಎಎಟಿ ಅಂತಲೇ ಕರೆಯುತ್ತೇವೆ, ನಾನೂ ಹಾಗೇ ಅನ್ನುತ್ತೇನೆ. 394 ಅಮೈನೋ ಆಮ್ಲ, ಮೂರು ಕಡೆ ಸಕ್ಕರೆ ಸರಪಳಿ, ಒಟ್ಟು ತೂಕ ಸುಮಾರು 52 ಕಿಲೋಡಾಲ್ಟನ್. ಲಿವರ್ ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಆರೋಗ್ಯವಂತರ ಪ್ಲಾಸ್ಮಾದಲ್ಲಿ ಲೀಟರಿಗೆ ಒಂದೂವರೆ ಗ್ರಾಂ ಆಸುಪಾಸು ಇರುತ್ತದೆ. ಈಗ ಲೆಕ್ಕ ಹಾಕಿ. ಅಷ್ಟು ದುಡ್ಡು ಕೊಟ್ಟು ತರಿಸಿದ 50 ಮೈಕ್ರೋಗ್ರಾಂ ಪ್ರೋಟೀನು ನಿಮ್ಮದೇ ಪ್ಲಾಸ್ಮಾದ ಒಂದು ಹನಿಯಲ್ಲಿ ಇದೆ! ಹಾಗಾದರೆ ಯಾಕೆ ಕೊಳ್ಳಬೇಕು? ಅದಕ್ಕೆ ಆಮೇಲೆ ಬರುತ್ತೇನೆ.

ಪ್ರೋಟೀನ್ ಕತ್ತರಿಸುವ ಕಿಣ್ವವೇ ಪ್ರೋಟಿಯೇಸ್. ನಮ್ಮ ಮೈಯಲ್ಲಿ ಇಂಥವು ಐನೂರಕ್ಕೂ ಜಾಸ್ತಿ ಇವೆ. ಊಟ ಅರಗಬೇಕಾದರೆ, ರಕ್ತ ಹೆಪ್ಪುಗಟ್ಟಬೇಕಾದರೆ, ಕಟ್ಟಿದ ಹೆಪ್ಪು ಕರಗಬೇಕಾದರೆ ಇವು ಬೇಕು. ಕೆಲಸ ಮುಗಿದ ಮೇಲೆ ಇವನ್ನು ನಿಲ್ಲಿಸುವವರೂ ಬೇಕಲ್ವಾ. ಎಎಟಿ ಆ ಕೆಲಸದ್ದು. ಹೆಸರಲ್ಲಿ ಟ್ರಿಪ್ಸಿನ್ ಇದ್ದರೂ ದೇಹದಲ್ಲಿ ಇದು ಮುಖ್ಯವಾಗಿ ತಡೆಯುವುದು ನ್ಯೂಟ್ರೋಫಿಲ್ ಎಲಾಸ್ಟೇಸ್ ಎಂಬ ಕಿಣ್ವವನ್ನು. ನ್ಯೂಟ್ರೋಫಿಲ್ ನಮ್ಮ ಬಿಳಿ ರಕ್ತಕಣ. ಶ್ವಾಸಕೋಶಕ್ಕೆ ಸೋಂಕು ಬಂದರೆ ಅಲ್ಲಿಗೆ ಓಡಿಹೋಗಿ ಎಲಾಸ್ಟೇಸ್ ಸುರಿಯುತ್ತದೆ. ಅದನ್ನು ಹಿಡಿದು ನಿಲ್ಲಿಸದಿದ್ದರೆ ಶ್ವಾಸಕೋಶದ ಗೋಡೆಗೆ ಹಿಗ್ಗುವ ಕುಗ್ಗುವ ಗುಣ ಕೊಡುವ ಎಲಾಸ್ಟಿನ್ನೇ ಕತ್ತರಿಸಿಹೋಗುತ್ತದೆ.

ಇದು ಗೊತ್ತಾದ ಬಗೆ ನನಗೆ ತುಂಬಾ ಇಷ್ಟ. 1963, ಸ್ವೀಡನ್ನಿನ ಮಾಲ್ಮೋ. ಕಾರ್ಲ್-ಬರ್ಟಿಲ್ ಲಾರೆಲ್ ಮತ್ತು ಯುವ ವೈದ್ಯ ಸ್ಟೆನ್ ಎರಿಕ್ಸನ್ ರಕ್ತದ ಸೀರಮ್ಮಿನ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸುವ ಎಲೆಕ್ಟ್ರೋಫೊರೆಸಿಸ್ ಪಟ್ಟಿಗಳನ್ನು ನೋಡುತ್ತಿದ್ದರು. ಸುಮಾರು 1500 ಪಟ್ಟಿಗಳಲ್ಲಿ ಐದರಲ್ಲಿ ಮಾತ್ರ ಆಲ್ಫಾ-1 ಜಾಗದ ಗೆರೆ ಇರಲಿಲ್ಲ. ಎಷ್ಟೋ ಜನ ಇದನ್ನು ಪಟ್ಟಿಯ ದೋಷ ಅಂತ ಬಿಟ್ಟುಬಿಡುತ್ತಿದ್ದರು. ಇವರು ಆ ಐದು ಜನರ ಹಿಂದೆ ಹೋದರು. ಐವರಲ್ಲಿ ಮೂವರಿಗೆ ಚಿಕ್ಕ ವಯಸ್ಸಿಗೇ ಎಂಫಿಸೀಮಾ ಬಂದಿತ್ತು. ಶ್ವಾಸಕೋಶದ ಗೂಡುಗಳ ಗೋಡೆ ನಾಶವಾಗುವ ಕಾಯಿಲೆ ಅದು. ಒಂದು ಪ್ರೋಟೀನ್ ಇಲ್ಲ, ಒಂದು ಅಂಗ ಹಾಳು. ಪ್ರೋಟಿಯೇಸು ಮತ್ತು ಅದರ ತಡೆಗಾರನ ನಡುವೆ ಸಮತೋಲ ಇರಬೇಕು ಎಂಬ ವಿಚಾರ ಗಟ್ಟಿಯಾದದ್ದು ಅಲ್ಲಿಂದ.

ಕಾರಣ ಆಮೇಲೆ ಸಿಕ್ಕಿತು. ಇಂಥವರಲ್ಲಿ ಹೆಚ್ಚಿನವರ ಜೀನಿನಲ್ಲಿ 342ನೇ ಜಾಗದ ಗ್ಲುಟಮೇಟ್ ಹೋಗಿ ಲೈಸೀನ್ ಬಂದಿರುತ್ತದೆ. ಇದಕ್ಕೆ ಜ಼ಡ್ ರೂಪ ಅಂತ ಹೆಸರು, ಉತ್ತರ ಯುರೋಪಿನ ಮೂಲದವರಲ್ಲಿ ಜಾಸ್ತಿ. ಲಿವರ್ ಪ್ರೋಟೀನು ತಯಾರಿಸುತ್ತದೆ, ಆದರೆ ಹೊರಗೆ ಕಳಿಸಲಾಗುವುದಿಲ್ಲ. ಅಣುಗಳು ಒಂದಕ್ಕೊಂದು ಸಿಕ್ಕಿಕೊಂಡು ಸರಪಳಿಯಾಗಿ ಜೀವಕೋಶದ ಒಳಗೇ ಕೂರುತ್ತವೆ. ಹಾಗಾಗಿ ಶ್ವಾಸಕೋಶಕ್ಕೆ ಕೊರತೆ, ಲಿವರ್‌ಗೆ ಹೊರೆ, ಎರಡೂ ಒಟ್ಟಿಗೆ.

ಸರಪಳಿ ಯಾಕೆ ಆಗುತ್ತದೆ? ಅದಕ್ಕೆ ಈ ಪ್ರೋಟೀನು ಕೆಲಸ ಮಾಡುವ ರೀತಿ ನೋಡಬೇಕು. ಸ್ವಲ್ಪ ನಿಧಾನವಾಗಿ ಹೋಗೋಣ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಸಾಮಾನ್ಯ ಇನ್‌ಹಿಬಿಟರ್, ಅಂದರೆ ತಡೆಗಾರ, ಕಿಣ್ವದ ಬಾಯಿಗೆ ಸರಿಯಾಗಿ ಕೂತು ಮುಚ್ಚುತ್ತದೆ. ದನದ ಶ್ವಾಸಕೋಶದಿಂದ ಬರುವ ಅಪ್ರೋಟಿನಿನ್ ಹಾಗೆ. 58 ಅಮೈನೋ ಆಮ್ಲದ ಪುಟ್ಟ ಪ್ರೋಟೀನು, ಕೂರುತ್ತದೆ, ಬೇಕಾದರೆ ಎದ್ದುಹೋಗುತ್ತದೆ, ಎರಡೂ ಕಡೆ ಏನೂ ಕೆಡುವುದಿಲ್ಲ. ಎಎಟಿ ಹಾಗಲ್ಲ. ಇದು ಇಲಿ ಹಿಡಿಯುವ ಸಾಧನ. ಪಂಜರದ ಬೋನಲ್ಲ, ಹಲಗೆ ಮೇಲೆ ಸ್ಪ್ರಿಂಗ್ ಎಳೆದು ಕೂರಿಸುತ್ತೇವಲ್ಲ, ಆ ಥರದ್ದು. ಅಣುವಿನ ಮೇಲ್ಭಾಗದಲ್ಲಿ ಸುಮಾರು 20 ಅಮೈನೋ ಆಮ್ಲದ ಒಂದು ಕುಣಿಕೆ ಹೊರಗೆ ಚಾಚಿಕೊಂಡಿರುತ್ತದೆ. ಅದರಲ್ಲಿ 358ನೇ ಜಾಗದ ಮೆಥಿಯೋನಿನ್ ಇಲಿಗೆ ಇಟ್ಟ ತಿಂಡಿ. ಪ್ರೋಟಿಯೇಸು ಬಂದು 358 ಮತ್ತು 359ರ ನಡುವೆ ಕತ್ತರಿಸುತ್ತದೆ. ಕತ್ತರಿಸುವಾಗ ಒಂದು ಗಳಿಗೆ ಪ್ರೋಟಿಯೇಸಿನ ಸೀರೀನು ಎಂಬ ಅಮೈನೋ ಆಮ್ಲ 358ನೇ ಜಾಗಕ್ಕೆ ರಾಸಾಯನಿಕವಾಗಿ ಅಂಟಿಕೊಂಡಿರುತ್ತದೆ. ಎಲ್ಲ ಕಡೆ ಹೀಗೇ ಆಗುವುದು, ಆಮೇಲೆ ನೀರಿನ ಅಣು ಬಂದು ಬಿಡಿಸುತ್ತದೆ. ಇಲ್ಲಿ ನೀರು ಬರುವಷ್ಟರಲ್ಲಿ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತದೆ. ಕತ್ತರಿಸಿದ ಕುಣಿಕೆ ಅಣುವಿನ ಮಧ್ಯದ ಬೀಟಾ ಹಾಳೆಯೊಳಕ್ಕೆ (ಪಕ್ಕಪಕ್ಕ ಕೂತ ಎಳೆಗಳ ಹಾಸು) ನುಗ್ಗಿ ಅಲ್ಲಿ ಒಂದು ಹೊಸ ಎಳೆಯಾಗಿ ಸೇರಿಕೊಳ್ಳುತ್ತದೆ. ಅಂಟಿಕೊಂಡಿದ್ದ ಪ್ರೋಟಿಯೇಸೂ ಅದರ ಜೊತೆ ಅಣುವಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬೀಳುತ್ತದೆ. 2000ದಲ್ಲಿ ಹಂಟಿಂಗ್ಟನ್, ರೀಡ್ ಮತ್ತು ಕ್ಯಾರೆಲ್ ಎಎಟಿ ಮತ್ತು ಟ್ರಿಪ್ಸಿನ್ ಜೋಡಿಯ ಹರಳಿನ ರಚನೆ ತೋರಿಸಿದಾಗ ಈ ಪಯಣ 71 ಆಂಗ್‌ಸ್ಟ್ರಾಂ ಅಂತ ಗೊತ್ತಾಯಿತು. ಬಿದ್ದ ರಭಸಕ್ಕೆ ಪ್ರೋಟಿಯೇಸಿನ ಮೂರನೇ ಒಂದಕ್ಕಿಂತ ಜಾಸ್ತಿ ಭಾಗ ಆಕಾರವೇ ಕಳೆದುಕೊಂಡಿತ್ತು. ಕತ್ತರಿ ಮುರಿದ ಮೇಲೆ ಬಿಡಿಸಿಕೊಳ್ಳುವ ದಾರಿ ಇಲ್ಲ.

ಹಾಗೆಯೇ ಎಎಟಿಯೂ ಮುಗಿಯಿತು. ಒಂದು ಅಣು, ಒಂದೇ ಸಲ. ಮತ್ತೆ ಎಳೆದು ಕೂರಿಸಲು ಬರುವುದಿಲ್ಲ.

ಇಷ್ಟು ಬಿಗಿಯಾಗಿ ಎಳೆದಿಟ್ಟ ಅಣು ಸುಮ್ನೆ ಇರುತ್ತದಾ? ಇರುವುದಿಲ್ಲ. 60 ಡಿಗ್ರಿಗೆ ಬಿಸಿ ಮಾಡಿದರೆ ಒಂದರ ಕುಣಿಕೆ ಇನ್ನೊಂದರ ಹಾಳೆಯೊಳಗೆ ಹೊಕ್ಕು ಸರಪಳಿ ಆಗುತ್ತದೆ. ಜ಼ಡ್ ರೂಪದಲ್ಲಿ ಕುಣಿಕೆಯ ಬುಡವೇ ಸಡಿಲ, ಹಾಗಾಗಿ ಮೈಯ ಬಿಸಿಗೇ ಆಗಿಬಿಡುತ್ತದೆ. ಬೇರೆ ಯಾವುದೋ ಪ್ರೋಟಿಯೇಸು ಕುಣಿಕೆಯನ್ನು ತಪ್ಪು ಜಾಗದಲ್ಲಿ ಕತ್ತರಿಸಿದರೂ ಸ್ಪ್ರಿಂಗ್ ವ್ಯರ್ಥವಾಗಿ ಬಿಚ್ಚುತ್ತದೆ. 358ನೇ ಮೆಥಿಯೋನಿನ್ ಆಕ್ಸಿಡೈಸ್ ಆದರೆ ತಿಂಡಿ ಹಳಸಿದ ಹಾಗೆ: ಎಲಾಸ್ಟೇಸನ್ನು ಹಿಡಿಯುವ ವೇಗ ಸುಮಾರು 2000 ಪಟ್ಟು ಇಳಿಯುತ್ತದೆ. ಸಿಗರೇಟಿನ ಹೊಗೆ ಮಾಡುವ ಹಾನಿಗಳಲ್ಲಿ ಇದೂ ಒಂದು. ಎಎಟಿ ಕೊರತೆ ಇರುವವರು ಸೇದಿದರೆ ಕಾಯಿಲೆ ಅಷ್ಟು ಬೇಗ ಏರುವುದಕ್ಕೆ ಇದೂ ಒಂದು ಕಾರಣ.

ಆ ಒಂದು ಜಾಗಕ್ಕೆ ಎಷ್ಟು ಬೆಲೆ ಎನ್ನುವುದಕ್ಕೆ ಇನ್ನೊಂದು ಪ್ರಕರಣ ಇದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಒಬ್ಬ ಹುಡುಗನಿಗೆ ಪದೇಪದೇ ರಕ್ತಸ್ರಾವ ಆಗುತ್ತಿತ್ತು, ಕೊನೆಗೆ ಅದರಲ್ಲೇ ತೀರಿಕೊಂಡ. 1983ರಲ್ಲಿ ಪ್ರಕಟವಾದ ಕಾರಣ ಇದು: ಅವನ ಎಎಟಿಯಲ್ಲಿ 358ನೇ ಮೆಥಿಯೋನಿನ್ ಬದಲು ಆರ್ಜಿನಿನ್ ಇತ್ತು. ಎಲಾಸ್ಟೇಸ್ ಹಿಡಿಯಬೇಕಾದ ಪ್ರೋಟೀನು ಥ್ರಾಂಬಿನ್ ಹಿಡಿಯತೊಡಗಿತ್ತು. ಥ್ರಾಂಬಿನ್ ಇಲ್ಲದೆ ರಕ್ತ ಹೆಪ್ಪುಗಟ್ಟುವುದಿಲ್ಲ. ತಿಂಡಿ ಬದಲಿಸಿದರೆ ಬೇರೆ ಇಲಿ ಬರುತ್ತದೆ.

ರೀಕಾಂಬಿನೆಂಟ್ ತಂತ್ರದ ಜನ ಈ ಜಾಗದ ಮೇಲೆ ಕಣ್ಣಿಟ್ಟಿದ್ದು ಸಹಜ. 1984ರಲ್ಲೇ ಯೀಸ್ಟಿನಲ್ಲಿ 358ಕ್ಕೆ ವ್ಯಾಲೀನ್ ಹಾಕಿದ ಎಎಟಿ ತಯಾರಾಯಿತು. ವ್ಯಾಲೀನ್ ಆಕ್ಸಿಡೈಸ್ ಆಗುವುದಿಲ್ಲ, ಆದರೂ ಆ ಎಎಟಿ ಎಲಾಸ್ಟೇಸನ್ನು ಹಿಡಿಯುತ್ತದೆ. ಸ್ಕಾಟ್ಲೆಂಡಿನಲ್ಲಿ 1990ರಲ್ಲಿ ಹುಟ್ಟಿದ ಟ್ರೇಸಿ ಎಂಬ ಕುರಿಯ ಹಾಲಿನಲ್ಲಿ ಲೀಟರಿಗೆ 35 ಗ್ರಾಂ ಮಾನವ ಎಎಟಿ ಇರುತ್ತಿತ್ತು. ಡಾಲಿ ಕುರಿಗಿಂತ ಮೊದಲಿನ ಮಾತು, ಡಾಲಿಯಷ್ಟು ಹೆಸರು ಇವಳಿಗೆ ಬರಲಿಲ್ಲ ಪಾಪ. ಕುರಿ ಹಾಲಿನ ಎಎಟಿ ಔಷಧಿಯಾಗಿ ಮಾರುಕಟ್ಟೆಗೂ ಬರಲಿಲ್ಲ. ಕೊರತೆ ಇರುವವರಿಗೆ 1987ರಿಂದ ಕೊಡುತ್ತಿರುವುದು ದಾನಿಗಳ ಪ್ಲಾಸ್ಮಾದಿಂದ ತೆಗೆದದ್ದು. ವಾರಕ್ಕೊಮ್ಮೆ, ಕಿಲೋ ತೂಕಕ್ಕೆ 60 ಮಿಲಿಗ್ರಾಂ. 60 ಕಿಲೋ ಮನುಷ್ಯನಿಗೆ ವಾರಕ್ಕೆ 3.6 ಗ್ರಾಂ, ಅಂದರೆ ನಮ್ಮ ಟ್ಯೂಬುಗಳ ಲೆಕ್ಕದಲ್ಲಿ 72,000 ಟ್ಯೂಬು. ಲ್ಯಾಬಿನ ರೀಕಾಂಬಿನೆಂಟು ಬೇರೆ, ಔಷಧಿ ಬೇರೆ ಅನ್ನುವುದು ಇಲ್ಲಿ ಸ್ಪಷ್ಟ ಆಗುತ್ತದೆ.

ಈಗ ಟ್ಯೂಬಿಗೆ ವಾಪಸ್ ಬರೋಣ. ಚೀಟಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನು ಎಲ್ಲಿ ಬೆಳೆಸಿದರು ಅನ್ನುವುದು. ಇ. ಕೋಲೈ ಬ್ಯಾಕ್ಟೀರಿಯಾದಲ್ಲಾದರೆ ಸಕ್ಕರೆ ಸರಪಳಿ ಇರುವುದಿಲ್ಲ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ 52ರ ಬದಲು 45 ಕಿಲೋಡಾಲ್ಟನ್ ಹತ್ತಿರ ಓಡುತ್ತದೆ. ಟ್ಯೂಬಿನೊಳಗೆ ಟ್ರಿಪ್ಸಿನ್, ಎಲಾಸ್ಟೇಸ್ ತಡೆಯಲು ಇದು ಸಾಕು, ಸಕ್ಕರೆ ಬೇಕಿಲ್ಲ. ಇಲಿಗೆ ಚುಚ್ಚಿ ದಿನಗಟ್ಟಲೆ ನೋಡುವ ಯೋಚನೆ ಇದ್ದರೆ ಬೇಡ, ಸಕ್ಕರೆ ಇಲ್ಲದ್ದು ರಕ್ತದಿಂದ ಬೇಗ ಹೊರಟುಹೋಗುತ್ತದೆ. ಅದಕ್ಕೆ ಎಚ್‌ಇಕೆ 293 (ಮಾನವ ಮೂಲದ್ದು) ಅಥವಾ ಸಿಎಚ್ಒ (ಹ್ಯಾಮ್‌ಸ್ಟರ್ ಮೂಲದ್ದು) ಜೀವಕೋಶದಲ್ಲಿ ಬೆಳೆಸಿದ್ದು ತರಿಸಿ. ಇನ್ನೊಂದು ತೊಂದರೆ ಎಂಡೋಟಾಕ್ಸಿನ್, ಅಂದರೆ ಬ್ಯಾಕ್ಟೀರಿಯಾದ ಹೊರಪದರದಿಂದ ಬರುವ ವಿಷ. ಎಎಟಿ ಉರಿಯೂತ ಕಡಿಮೆ ಮಾಡುತ್ತದಾ ಅಂತ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಜೀವಕೋಶದ ಮೇಲೆ ಹಾಕಿ ನೋಡುವವರು ಇದ್ದಾರೆ. ಇ. ಕೋಲೈಯಿಂದ ಬಂದ ಚೂರು ಎಂಡೋಟಾಕ್ಸಿನ್ ಉಳಿದಿದ್ದರೂ ಮ್ಯಾಕ್ರೋಫೇಜು ಎದ್ದು ಕುಣಿಯುತ್ತದೆ. ನೀವು ಅಳೆಯುತ್ತಿರುವುದು ಏನು ಅಂತ ನಿಮಗೇ ಗೊತ್ತಾಗುವುದಿಲ್ಲ.

ಆಮೇಲೆ ಟ್ಯಾಗು, ಅಂದರೆ ಪ್ರೋಟೀನಿಗೆ ಸೇರಿಸಿದ ಗುರುತಿನ ಬಾಲ. ಶುದ್ಧೀಕರಿಸಲು ಆರು ಹಿಸ್ಟಿಡಿನ್ ಸೇರಿಸಿರುತ್ತಾರೆ, ಎಷ್ಟೋ ಸಲ ಸಿ-ತುದಿಯಲ್ಲಿ, ಅಂದರೆ ಅಮೈನೋ ಆಮ್ಲಗಳ ಸಾಲಿನ ಕೊನೆಯಲ್ಲಿ. ಇದರಲ್ಲಿ ಒಂದು ತಮಾಷೆ ಇದೆ. ಪ್ರೋಟಿಯೇಸು 358ರ ನಂತರ ಕತ್ತರಿಸಿತು ಅಂದೆನಲ್ಲ, ಉಳಿದ 36 ಅಮೈನೋ ಆಮ್ಲದ ಸಿ-ತುದಿ ಅಣುವಿಗೆ ರಾಸಾಯನಿಕ ಬಂಧ ಇಲ್ಲದೆ ಸುಮ್ಮನೆ ಒತ್ತಿಕೊಂಡಿರುತ್ತದೆ. ಎಸ್‌ಡಿಎಸ್ ಎಂಬ ಸೋಪಿನಂಥ ರಾಸಾಯನಿಕ ಹಾಕಿ ಕುದಿಸಿದರೆ ಕಳಚಿ ಬೀಳುತ್ತದೆ, ಟ್ಯಾಗೂ ಅದರ ಜೊತೆಗೇ ಹೋಗುತ್ತದೆ. ಆಮೇಲೆ ಹಿಸ್ಟಿಡಿನ್ ಟ್ಯಾಗು ಗುರುತಿಸುವ ಆಂಟಿಬಾಡಿಯಲ್ಲಿ ಬ್ಲಾಟ್ (ಜೆಲ್‌ನ ಪ್ರೋಟೀನನ್ನು ಹಾಳೆಗೆ ಇಳಿಸಿ ಹುಡುಕುವುದು) ಮಾಡಿ, ಎಎಟಿ-ಪ್ರೋಟಿಯೇಸು ಜೋಡಿ ಕಾಣುತ್ತಿಲ್ಲ, ಪ್ರೋಟೀನ್ ಕೆಲಸ ಮಾಡುತ್ತಿಲ್ಲ ಅಂದರೆ? ಅದು ಕೆಲಸ ಮಾಡಿದ್ದಕ್ಕೇ ಕಾಣುತ್ತಿಲ್ಲ! ಎಎಟಿಯ ಮುಖ್ಯ ಭಾಗವನ್ನು ಗುರುತಿಸುವ ಆಂಟಿಬಾಡಿ ಬಳಸಿ, ಅಥವಾ ಎನ್-ತುದಿಯಲ್ಲಿ ಟ್ಯಾಗ್ ಇರುವುದನ್ನು ತರಿಸಿ.

ಈಗ ಆ ಚೀಟಿಯಲ್ಲಿಲ್ಲದ ಸಂಖ್ಯೆ. ಶುದ್ಧತೆ 95 ಎಂದು ಹೇಳುವುದು ಎಸ್‌ಡಿಎಸ್ ಜೆಲ್ ನೋಡಿ. ಎಳೆದಿಟ್ಟ ಎಎಟಿ, ತನ್ನಷ್ಟಕ್ಕೆ ಬಿಚ್ಚಿಕೊಂಡ ಎಎಟಿ, ಸರಪಳಿ ಕಟ್ಟಿದ ಎಎಟಿ, ಮೂರೂ ಆ ಜೆಲ್‌ನಲ್ಲಿ ಒಂದೇ ಜಾಗದಲ್ಲಿ ಓಡುತ್ತವೆ, ಯಾಕೆಂದರೆ ಎಸ್‌ಡಿಎಸ್ ಎಲ್ಲವನ್ನೂ ಬಿಡಿಸಿ ನೇರ ಮಾಡುತ್ತದೆ. ಜೆಲ್ ಕಣ್ಣಿಗೆ ಎಲ್ಲರೂ ಒಂದೇ. ಸರಪಳಿ ನೋಡಬೇಕಾದರೆ ಎಸ್‌ಡಿಎಸ್ ಇಲ್ಲದ ನೇಟಿವ್ ಜೆಲ್ ಓಡಿಸಬೇಕು. ಅಲ್ಲಿ ಏಣಿಯ ಥರ ಗೆರೆ ಬಂದರೆ ಟ್ಯೂಬು ಹಳೆಯದಾಗಿದೆ, ಅಥವಾ ಯಾರೋ ಮೇಜಿನ ಮೇಲೆ ಮರೆತಿದ್ದಾರೆ.

ನಿಜವಾದ ಲೆಕ್ಕ ಟೈಟ್ರೇಷನ್, ಅಂದರೆ ಗೊತ್ತಿರುವಷ್ಟು ಪ್ರೋಟಿಯೇಸನ್ನು ನಿಲ್ಲಿಸಲು ಎಎಟಿ ಎಷ್ಟು ಬೇಕು ಅಂತ ಅಳೆಯುವುದು. ಟ್ರಿಪ್ಸಿನ್ ತೆಗೆದುಕೊಳ್ಳಿ. ಅದೂ ನೂರಕ್ಕೆ ನೂರು ಜೀವಂತ ಇರುವುದಿಲ್ಲ, ಹಾಗಾಗಿ ಎನ್‌ಪಿಜಿಬಿ ಎಂಬ ಸಂಯುಕ್ತದಿಂದ ಮೊದಲು ಅದರ ಲೆಕ್ಕ ತೆಗೆಯಿರಿ. ಆಮೇಲೆ ಸಾಲಾಗಿ ಟ್ಯೂಬು ಜೋಡಿಸಿ, ಎಲ್ಲದರಲ್ಲೂ ಒಂದೇ ಪ್ರಮಾಣದ ಟ್ರಿಪ್ಸಿನ್, ಎಎಟಿ ಮಾತ್ರ ಏರುತ್ತಾ ಹೋಗಲಿ. ಕಾಯಿರಿ. ಟ್ರಿಪ್ಸಿನ್ನನ್ನು ಎಎಟಿ ಹಿಡಿಯುವುದು ಎಲಾಸ್ಟೇಸ್‌ಗಿಂತ ನೂರಾರು ಪಟ್ಟು ನಿಧಾನ, ಹಾಗಾಗಿ ಇಲ್ಲಿ ಅವಸರ ಮಾಡಿದರೆ ಒಳ್ಳೆಯ ಪ್ರೋಟೀನೂ ಸತ್ತಂತೆ ಕಾಣುತ್ತದೆ. ಕೊನೆಗೆ ಟ್ರಿಪ್ಸಿನ್ ಕತ್ತರಿಸಿದಾಗ ಬಣ್ಣ ಅಥವಾ ಹೊಳಪು ಬರುವ ಸಬ್‌ಸ್ಟ್ರೇಟ್ ಹಾಕಿ, ಉಳಿದ ಟ್ರಿಪ್ಸಿನ್ ಎಷ್ಟು ಅಂತ ಅಳೆಯಿರಿ. ಗ್ರಾಫಿನಲ್ಲಿ ಗೆರೆ ಇಳಿಯುತ್ತಾ ಹೋಗಿ ತಳ ಮುಟ್ಟುತ್ತದೆ. 10 ಪಿಕೋಮೋಲ್ (ಅಣುಗಳ ಎಣಿಕೆಯ ಅಳತೆ) ಟ್ರಿಪ್ಸಿನ್‌ಗೆ 10 ಪಿಕೋಮೋಲ್ ಎಎಟಿಯಲ್ಲೇ ತಳ ಮುಟ್ಟಿದರೆ ಟ್ಯೂಬಿನಲ್ಲಿರುವುದೆಲ್ಲ ಜೀವಂತ. 16 ಬೇಕಾದರೆ ಹತ್ತರಲ್ಲಿ ಆರು ಮಾತ್ರ ಉಳಿದಿವೆ. ಮುಂದಿನ ಪ್ರಯೋಗಗಳಲ್ಲಿ ಮೈಕ್ರೋಗ್ರಾಂ ಮರೆತು ಈ ಲೆಕ್ಕ ಬರೆಯಿರಿ. ಅರ್ಧ ದಿನದ ಕೆಲಸ ಇದು. ಎಷ್ಟು ಪ್ರಬಂಧಗಳಲ್ಲಿ ಎಎಟಿ ಪ್ರಮಾಣವನ್ನು ಬರೀ ತೂಕದಲ್ಲಿ ಕೊಟ್ಟಿರುತ್ತಾರೆ ಅಂದರೆ, ಓದಿದಾಗ ನನಗೆ ಸಿಟ್ಟೇ ಬರುತ್ತದೆ.

ಅದೇ ಮಿಶ್ರಣವನ್ನು ಎಸ್‌ಡಿಎಸ್ ಜೆಲ್‌ಗೂ ಹಾಕಿ, ಈಗ ಅದು ಉಪಯೋಗಕ್ಕೆ ಬರುತ್ತದೆ. ಪ್ರೋಟಿಯೇಸು ಹಿಡಿದ ಎಎಟಿ ಕುದಿಸಿದರೂ ಬಿಡುವುದಿಲ್ಲವಲ್ಲ, ಹಾಗಾಗಿ 70 ಕಿಲೋಡಾಲ್ಟನ್ ಹತ್ತಿರ ಹೊಸ ಗೆರೆ ಬರುತ್ತದೆ. 48ರ ಹತ್ತಿರ ಬಂದ ಗೆರೆ ಕತ್ತರಿಸಿಕೊಂಡರೂ ಹಿಡಿಯಲಾಗದೆ ಹೋದದ್ದು. ಟ್ರಿಪ್ಸಿನ್ ಸ್ವಲ್ಪ ಜಾಸ್ತಿ ಇದ್ದಾಗಲೂ 52ರಲ್ಲೇ ಕೂತಿರುವುದು ಮೊದಲೇ ಸತ್ತದ್ದು. ಒಂದು ಜೆಲ್, ಮೂರು ಸುದ್ದಿ.

ಇದೇ ಸರ್ಪಿನ್ ಮನೆತನದ ಪಿಎಐ-1 ಎಂಬ ಪ್ರೋಟೀನು ಎಎಟಿಗಿಂತ ಕಷ್ಟದ ಗಿರಾಕಿ. ರಕ್ತದ ಹೆಪ್ಪು ಕರಗಿಸುವ ಕಿಣ್ವಗಳನ್ನು ಅದು ತಡೆಯುತ್ತದೆ. 37 ಡಿಗ್ರಿಯಲ್ಲಿ ಸುಮ್ಮನೆ ಇಟ್ಟರೂ ಸುಮಾರು ಎರಡು ಗಂಟೆಗೆ ಅರ್ಧ ಅಣುಗಳು ತಮ್ಮ ಕುಣಿಕೆಯನ್ನು ತಾವೇ ಒಳಗೆಳೆದುಕೊಂಡು ಮಲಗಿಬಿಡುತ್ತವೆ. ರಾತ್ರಿಯಿಡೀ ಜೀವಕೋಶದ ಮೇಲೆ ಇಟ್ಟು ಬೆಳಿಗ್ಗೆ ಫಲಿತಾಂಶ ನೋಡಿದರೆ ಅಲ್ಲಿ ಪಿಎಐ-1 ಇದ್ದೂ ಇಲ್ಲ. ಅದಕ್ಕೇ ನಾಲ್ಕು ಜಾಗ ಬದಲಿಸಿ ತಯಾರಿಸಿದ ರೂಪ ಒಂದು ಸಿಗುತ್ತದೆ, ಅದರ ಅರ್ಧಾಯುಷ್ಯ 145 ಗಂಟೆ. ಉದ್ದದ ಪ್ರಯೋಗಕ್ಕೆ ಅದನ್ನೇ ಕೊಳ್ಳಿ.

ಇನ್ನು ಸೀರಮ್. ಸೆಲ್ ಕಲ್ಚರ್ ಮಾಡುವವರು ಟ್ರಿಪ್ಸಿನ್ ಹಾಕಿ ಜೀವಕೋಶ ಎಬ್ಬಿಸಿ, ಆಮೇಲೆ ಸೀರಮ್ ಇರುವ ಮೀಡಿಯಾ ಸುರಿದು ಟ್ರಿಪ್ಸಿನ್ ನಿಲ್ಲಿಸುತ್ತೀರಿ. ನಿಲ್ಲಿಸುವುದು ಯಾರು? ಕರುವಿನ ಸೀರಮ್ಮಿನಲ್ಲಿರುವ ಇಂಥ ಇನ್‌ಹಿಬಿಟರ್‌ಗಳೇ, ಅದರಲ್ಲಿ ದನದ ಎಎಟಿಯೂ ಒಂದು. ಹಾಗಿರುವಾಗ 10 ಪರ್ಸೆಂಟ್ ಸೀರಮ್ ಇರುವ ಮೀಡಿಯಾಕ್ಕೆ ರೀಕಾಂಬಿನೆಂಟ್ ಎಎಟಿ ಚಿಟಿಕೆ ಹಾಕಿ ಪರಿಣಾಮ ಹುಡುಕುವುದರಲ್ಲಿ ಅರ್ಥ ಏನು? ಸೀರಮ್ ಇಲ್ಲದ ಮೀಡಿಯಾದಲ್ಲಿ ಮಾಡಿ.

ಇನ್ನು ಕೇಳಿದ ಪ್ರಶ್ನೆಗಳು.

"ಸರ್, ಪ್ಲಾಸ್ಮಾದಿಂದ ತೆಗೆದ ಎಎಟಿ ಅಗ್ಗ ಅಲ್ವಾ? ರೀಕಾಂಬಿನೆಂಟ್ ಯಾಕೆ?" ಅಗ್ಗ ಹೌದು, ಮತ್ತು ಎಷ್ಟೋ ಪ್ರಯೋಗಕ್ಕೆ ಅದೇ ಸಾಕು. ನಾನಾಗಿದ್ದರೆ ಬರೀ ಎಲಾಸ್ಟೇಸ್ ತಡೆಯಲು ರೀಕಾಂಬಿನೆಂಟ್ ತರಿಸುವುದಿಲ್ಲ. ಆದರೆ ಪ್ಲಾಸ್ಮಾದ ಸರಕಿನ ಜೊತೆ ಪ್ಲಾಸ್ಮಾದ ಬೇರೆ ಪ್ರೋಟೀನುಗಳೂ ಅಷ್ಟಿಷ್ಟು ಬರುತ್ತವೆ. ಜೀವಕೋಶ ಅದಕ್ಕೂ ಪ್ರತಿಕ್ರಿಯಿಸಬಹುದು. ಇನ್ನೊಂದು, ಪ್ಲಾಸ್ಮಾದಲ್ಲಿ 358ಕ್ಕೆ ನಿಮಗೆ ಬೇಕಾದ ಅಮೈನೋ ಆಮ್ಲ ಸಿಗುವುದಿಲ್ಲ. ಬದಲಿಸಿದ ರೂಪ ಬೇಕಾದಾಗ ರೀಕಾಂಬಿನೆಂಟ್ ಬಿಟ್ಟು ಗತಿ ಇಲ್ಲ.

"ಪಿಎಂಎಸ್ಎಫ್ ಹಾಕಿದರೆ ಆಗುವುದಿಲ್ಲವೇ?" ಅದು ಪ್ರೋಟಿಯೇಸು ತಡೆಯುವ ಒಂದು ಸಣ್ಣ ರಾಸಾಯನಿಕ. ಜೀವಕೋಶ ಒಡೆದು ಪ್ರೋಟೀನ್ ತೆಗೆಯುವಾಗ ಆಗುತ್ತದೆ. ಜೀವಂತ ಜೀವಕೋಶದ ಮೇಲೆ ಬೇಡ, ವಿಷ. ನೀರಿನಲ್ಲಿ ಅದು ಬೇಗ ಕೆಡುತ್ತದೆ ಕೂಡ.

"ಹುರುಳಿ, ಸೋಯಾದಲ್ಲೂ ಟ್ರಿಪ್ಸಿನ್ ಇನ್‌ಹಿಬಿಟರ್ ಇದೆಯಲ್ಲ?" ಇದೆ, ಆದರೆ ಬೇರೆ ಮನೆತನ. ಹುರುಳಿಯದ್ದು ಬೌಮನ್-ಬರ್ಕ್ ಜಾತಿ. ತುಂಬಾ ಚಿಕ್ಕದು, ಏಳು ಡೈಸಲ್ಫೈಡ್ ಬಂಧದಲ್ಲಿ ಕಟ್ಟಿದ್ದು, ಬಿಸಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಅಪ್ರೋಟಿನಿನ್ ಥರ ಕೂತು ಮುಚ್ಚುತ್ತದೆ, ಸ್ಪ್ರಿಂಗ್ ಇಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಇದರ ಮೇಲೆ ಒಳ್ಳೆಯ ಕೆಲಸ ಆಗಿದೆ, ರೀಕಾಂಬಿನೆಂಟ್ ರೂಪವನ್ನೂ ಅಲ್ಲಿ ತಯಾರಿಸಿದ್ದಾರೆ. ಸೀರಮ್ ಇಲ್ಲದ ಕಲ್ಚರಿನಲ್ಲಿ ಟ್ರಿಪ್ಸಿನ್ ನಿಲ್ಲಿಸುವುದಷ್ಟೇ ನಿಮ್ಮ ಕೆಲಸವಾದರೆ ಸೋಯಾ ಇನ್‌ಹಿಬಿಟರ್ ಹಾಕಿ. ಎಎಟಿ ದಂಡ.

"ಕಂಟ್ರೋಲ್ ಆಗಿ, ಅಂದರೆ ಹೋಲಿಕೆಗೆ, ಕುದಿಸಿದ ಎಎಟಿ ಇಟ್ಟರೆ ಸಾಕಾ?" ಸಾಲದು. 95 ಡಿಗ್ರಿಗೆ ಎಎಟಿ ಸಾಯುತ್ತದೆ, ಎಂಡೋಟಾಕ್ಸಿನ್ ಸಾಯುವುದಿಲ್ಲ. ಹಾಗಾಗಿ ಕುದಿಸಿದ್ದರಲ್ಲೂ ಪರಿಣಾಮ ಹಾಗೇ ಉಳಿದರೆ ನೀವು ನೋಡುತ್ತಿರುವುದು ಎಂಡೋಟಾಕ್ಸಿನ್ ಇರಬಹುದು. ಪರಿಣಾಮ ಹೋದರೆ ಪ್ರೋಟೀನಿನಿಂದ ಆದದ್ದು ಅಂತ ಗೊತ್ತಾಯಿತು, ಪ್ರೋಟಿಯೇಸು ಹಿಡಿದದ್ದರಿಂದಲೇ ಆಯಿತಾ ಅಂತ ಗೊತ್ತಾಗಲಿಲ್ಲ. ಅದಕ್ಕೆ ಇನ್ನೊಂದು ಕಂಟ್ರೋಲ್ ಬೇಕು: ಆಕ್ಸಿಡೈಸ್ ಮಾಡಿದ ಎಎಟಿ, ಅಥವಾ ಕುಣಿಕೆ ಬದಲಿಸಿ ಎಲಾಸ್ಟೇಸ್ ಹಿಡಿಯದಂತೆ ಮಾಡಿದ ರೂಪ. ಆಕ್ಸಿಡೈಸ್ ಮಾಡಿದ್ದನ್ನು ಹಾಕುವ ಮೊದಲು ಡಯಾಲಿಸಿಸ್ ಮಾಡಿ ಸಣ್ಣ ಅಣುಗಳನ್ನು ತೆಗೆದುಹಾಕಿ, ಇಲ್ಲದಿದ್ದರೆ ಆಕ್ಸಿಡೈಸ್ ಮಾಡಿದ ರಾಸಾಯನಿಕವೇ ಜೀವಕೋಶಕ್ಕೆ ತಾಗುತ್ತದೆ. ಮತ್ತೆ ಅದರದ್ದೂ ಟೈಟ್ರೇಷನ್ ಮಾಡಿ, ಸತ್ತಿದೆ ಎನ್ನುವುದಕ್ಕೂ ಲೆಕ್ಕ ಬೇಕು. ಇಷ್ಟಕ್ಕೆಲ್ಲ ಒಂದು ಟ್ಯೂಬು ಸಾಲುವುದಿಲ್ಲ, ಆರ್ಡರ್ ಹಾಕುವಾಗ ಒಂದೇ ಲಾಟಿನ ಎರಡು ಮೂರು ಟ್ಯೂಬು ಒಟ್ಟಿಗೆ ಕೇಳಿ. ಬಂದ ದಿನವೇ ಕರಗಿಸಿ, ಒಂದು ಸಲಕ್ಕೆ ಬೇಕಾದಷ್ಟೇ ಹಂಚಿ, ಮೈನಸ್ 80ರಲ್ಲಿ ಇಡಿ.